ಫ್ಲಾಪಿಗೆ ಕುಂಕುಮ

ಗ್ಯಾಸಿನ ಪುಸ್ತಕ ಹುಡುಕಲು ಹೋದವನಿಗೆ ಗ್ಯಾಸಿನ ಪುಸ್ತಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ ಎಂಬುದು ನಿಮಗೂ ಅನುಭವವಿರಬೇಕು. ಕಳೆದ ತಿಂಗಳು ರಾಯಚೂರಿನ ನಮ್ಮ ಮನೆಯ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದೆ. ಹತ್ತನೆಯ ತರಗತಿಯ ಅಂಕಪಟ್ಟಿ ಸಿಕ್ಕಿತು. ಹೆಂಡತಿ ನೋಡುವ ಮೊದಲೇ ಅದನ್ನು ಮತ್ತೆ ತಳಕ್ಕೆ ಸೇರಿಸಿದೆ. ಅಪ್ಪನ ಒಂಟಿ ಕಾಲಿನ ಕನ್ನಡಕ ಸಿಕ್ಕಿತು. ಅದರ ಕೆಳಗೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಅಂಗೈ ಅಗಲದ ಕಪ್ಪು ಚೌಕ. ಫ್ಲಾಪಿ. ಅದರ ತಗಡಿನ ಪುಟ್ಟ ಬಾಗಿಲಿನ ಅಂಚಿಗೆ ಒಣಗಿದ ಕೆಂಪು ಬಣ್ಣ.

"ಏನ್ರೀ ಅದು?" ಹೆಂಡತಿ ಕೇಳಿದಳು. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮನೆಯಲ್ಲೂ ಮೇಡಂ.

"ಫ್ಲಾಪಿ."

"ಅದು ನನಗೂ ಗೊತ್ತದ. ಅದಕ್ಕ ಧೋತರ ಯಾಕ ಉಡ್ಸೀರಿ?"

"ಏನೋ ಹಳೇದು" ಎಂದು ತೇಲಿಸಿದೆ. ಆ ಧೋತರದ ತುಂಡಿನೊಳಗೆ ಇದ್ದದ್ದನ್ನು ನಾನು ಸುಮಾರು ಮೂವತ್ತು ವರ್ಷಗಳಿಂದ ಒಬ್ಬರಿಗೂ ಹೇಳಿರಲಿಲ್ಲ. ಸ್ವತಃ ನನಗೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ.

ನಾನು ಹುಟ್ಟಾ ಚಿಂತೆಯವನು. ಬಸ್ಸಿನಲ್ಲಿ ಕೂತರೆ ಡ್ರೈವರನ ಕನ್ನಡಿಯಲ್ಲಿ ಅವನ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ನೋಡುತ್ತಲೇ ಊರು ಮುಟ್ಟುತ್ತೇನೆ. ಮನೆಗೆ ಬೀಗ ಹಾಕಿ, ಓಣಿಯ ತಿರುವಿನಿಂದ ಮರಳಿ ಬಂದು ಬೀಗ ಜಗ್ಗಿ ನೋಡಿ, ಜಗ್ಗಿದ್ದರಿಂದಲೇ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಬರುತ್ತೇನೆ. ಚಿಂತೆಯೇ ಇಲ್ಲದ ದಿನ ಏನನ್ನೋ ಮರೆತಿದ್ದೇನೆಂದು ಎದೆ ಡವಗುಟ್ಟುತ್ತದೆ. ಇಷ್ಟೆಲ್ಲ ಸಣ್ಣಪುಟ್ಟ ಚಿಂತೆಗಳನ್ನು ಸಾಕಿಕೊಂಡಿದ್ದೇ ಒಂದು ದೊಡ್ಡದನ್ನು ಮರೆಸಲಿಕ್ಕೇನೋ ಎಂದು ಆ ಟ್ರಂಕಿನ ಮುಂದೆ ಕೂತಾಗ ಅನ್ನಿಸಿತು.

ಆಗ ನಾವು ಮಾನ್ವಿಯಲ್ಲಿದ್ದೆವು. ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್. ಊರಿಗೆ ಹೊಸದಾಗಿ ಒಂದು ಕಂಪ್ಯೂಟರ್ ಸೆಂಟರ್ ಬಂದಿತ್ತು, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ. ಹೀಗಾಗಿ ನನಗೆ ಇವತ್ತಿಗೂ ಯೂರಿಯಾದ ವಾಸನೆ ಬಂದರೆ ಕಂಪ್ಯೂಟರ್ ನೆನಪಾಗುತ್ತದೆ. ಎರಡೇ ಎರಡು ಮಿಷನ್ನುಗಳು. ಎರಡಕ್ಕೂ ಹೂವಿನ ಚಿತ್ತಾರದ ಹೊದಿಕೆ. ನಡೆಸುತ್ತಿದ್ದ ಸರ್ ಬಹಳ ಶಿಸ್ತಿನ ಮನುಷ್ಯ. ಚಪ್ಪಲಿ ಕೆಳಗೇ ಬಿಡಬೇಕು, ಕಾಲು ತೊಳೆದು ಮೆಟ್ಟಿಲು ಹತ್ತಬೇಕು. ವೈರಸ್ ಎಂಬ ಪದ ಆಗ ಅವರಿಗೂ ಹೊಸದು. ಅದು ಧೂಳಿನಿಂದ ಬರುತ್ತದೋ ಮೂಗಿನಿಂದ ಬರುತ್ತದೋ ಖಾತ್ರಿ ಇಲ್ಲದ್ದರಿಂದ ಯಾವುದಕ್ಕೂ ಇರಲಿ ಎಂದು ನೆಗಡಿಯಾದ ಹುಡುಗರನ್ನೂ ಒಳಗೆ ಬಿಡುತ್ತಿರಲಿಲ್ಲ. ನಾನು ಸೀನು ತಡೆದುಕೊಳ್ಳುವ ವಿದ್ಯೆ ಕಲಿತಿದ್ದು ಅಲ್ಲಿಯೇ. ಆ ಸೆಂಟರಿನಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವುದು ಅದೊಂದೇ.

ಖಾಜಾ ನನ್ನ ಜೋಡಿ. ಶಾಲೆಯಲ್ಲೂ ಒಂದೇ ಬೆಂಚು, ಇಲ್ಲೂ ಒಂದೇ ಮಿಷನ್. ಅವನ ತಂದೆಯದು ಬಜಾರಿನಲ್ಲಿ ಹಗ್ಗ, ಮಳೆಗೆ ಹೊದಿಸುವ ತಾಡಪತ್ರಿಗಳ ಅಂಗಡಿ. ಹೈದರಾಬಾದಿನ ಅವನ ಮಾಮಾ ಒಮ್ಮೆ ಬರುವಾಗ ಒಂದು ಫ್ಲಾಪಿ ತಂದುಕೊಟ್ಟರು. ಅದರಲ್ಲೊಂದು ಆಟ. ಅದರ ಹೆಸರು ನಮಗೆ ಯಾವತ್ತೂ ತಿಳಿಯಲಿಲ್ಲ. ಐದು ಇಂಗ್ಲಿಷ್ ಅಕ್ಷರ ಒತ್ತಿದರೆ ಶುರುವಾಗುತ್ತಿತ್ತು, ಅಷ್ಟೇ. ನಾವು ಅದನ್ನು ಹರಿಗೋಲು ಎಂದು ಕರೆದೆವು. ನೀಲಿ ಹೊಳೆ, ಬೂದು ಬಣ್ಣದ ಕಲ್ಲುಗಳು, ನಡುವೆ ಬೆಂಕಿಪೆಟ್ಟಿಗೆಯಷ್ಟು ದೋಣಿ. ಅದಕ್ಕೆ ಎರಡು ಹುಟ್ಟು. ಎಡಗಡೆಯ ಹುಟ್ಟು ಹಾಕಲು ಕೀಬೋರ್ಡಿನ ಎಡತುದಿಯಲ್ಲಿ ಒಬ್ಬ, ಬಲಗಡೆಯದಕ್ಕೆ ಬಲತುದಿಯಲ್ಲಿ ಇನ್ನೊಬ್ಬ. ಇಬ್ಬರೂ ಒಟ್ಟಿಗೆ ಒತ್ತಿದರೆ ಮಾತ್ರ ದೋಣಿ ಮುಂದೆ ಹೋಗುತ್ತದೆ. ಒಬ್ಬ ಅವಸರ ಮಾಡಿದರೆ ಗಿರಗಿರ ತಿರುಗಿ ಕಲ್ಲಿಗೆ ಬಡಿಯುತ್ತದೆ. ಎಡ ನನ್ನದು, ಬಲ ಅವನದು.

"ಇದು ಚೀಕಲಪರ್ವಿ ಹೊಳೀನಽ ನೋಡಲೇ" ಎನ್ನುತ್ತಿದ್ದ ಖಾಜಾ, ಹತ್ತಿರದ ತುಂಗಭದ್ರಾ ದಂಡೆಯ ಊರನ್ನು ಹೆಸರಿಸಿ. "ಆ ಕಲ್ಲು ನಾ ನೋಡೀನಿ. ಅದರ ಮ್ಯಾಗ ನಮ್ಮ ಮಾಮಾ ಅಂಗಿ ಒಣ ಹಾಕಿದ್ದ."

"ಕಂಪ್ಯೂಟರ್ ಮಾಡಾವರು ಚೀಕಲಪರ್ವಿಗೆ ಯಾಕ ಬರ್ತಾರಲೇ?"

"ಯಾಕ ಬರಬಾರದು? ಬಸ್ ಅದಲ್ಲ!"

ಬಸ್ ಇದ್ದದ್ದು ನಿಜ.

ದಸರಾ ಬಂತು. ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಸೆಂಟರಿನಲ್ಲಿ ಮಿಷನ್ನುಗಳಿಗೆ ಪೂಜೆ. ಖಾಜಾ ರಜೆಗೆ ನೆಂಟರ ಊರಿಗೆ ಹೋಗಿದ್ದ. ಫ್ಲಾಪಿಯನ್ನು ನನ್ನ ಕೈಗೆ ಕೊಟ್ಟು, "ಜ್ವಾಕಿ" ಎಂದು ಮೂರು ಸಲ ಹೇಳಿ ಹೋಗಿದ್ದ. ಸರ್ ಮಾನಿಟರಿನ ನೆತ್ತಿಗೆ ವಿಭೂತಿ ಎಳೆದರು, ಕೀಬೋರ್ಡಿಗೆ ಹೂ ಏರಿಸಿದರು, "ಹುಡುಗ್ರಾ, ನಿಮ್ಮ ನಿಮ್ಮ ಫ್ಲಾಪಿಗೆ ನೀವಽ ಪೂಜಿ ಮಾಡ್ರಿ" ಎಂದರು. ನನ್ನದೆಂಬ ಫ್ಲಾಪಿ ಇರಲಿಲ್ಲ. ಇದ್ದದ್ದು ಖಾಜಾನದು. ಆಗ ಲೋಕದಲ್ಲಿ ನನಗೆ ಅದಕ್ಕಿಂತ ಪ್ರೀತಿಯ ವಸ್ತುವೂ ಇರಲಿಲ್ಲ.

ಎಲ್ಲರೂ ಮೇಲಿನ ಪ್ಲಾಸ್ಟಿಕ್ಕಿಗೆ ಒಂದು ಬೊಟ್ಟು ಇಟ್ಟು ಕೈ ಮುಗಿದರು. ನನಗೆ ಅಷ್ಟು ಸಾಕೆನಿಸಲಿಲ್ಲ. ಚಿಂತೆಯವನ ಭಕ್ತಿ ಯಾವಾಗಲೂ ಒಂದು ಹೆಜ್ಜೆ ಮುಂದೆ. ಗುಡಿಯ ಕದಕ್ಕೆ ಕುಂಕುಮ ಹಚ್ಚಿ ಮನೆಗೆ ಹೋದರೆ ಒಳಗಿರುವ ದೇವರು ಏನಂದಾನು? ಫ್ಲಾಪಿಯ ತಗಡಿನ ಬಾಗಿಲನ್ನು ಹೆಬ್ಬೆರಳಿನಿಂದ ಸರಿಸಿದೆ. ಒಳಗೆ ಕಂದು ಬಣ್ಣದ, ನುಣ್ಣನೆಯ, ಹೊಳೆಯುವ ತಟ್ಟೆ. ಸಾಕ್ಷಾತ್ ಗರ್ಭಗುಡಿ. ನೀರಿನಲ್ಲಿ ಕಲಸಿದ ಕುಂಕುಮವನ್ನು ಬೆರಳ ತುದಿಗೆ ತೆಗೆದುಕೊಂಡು ಅದರ ಹಣೆಗೇ ಹಚ್ಚಿದೆ. ಕಣ್ಣು ಮುಚ್ಚಿ, ಆಟದಲ್ಲಿ ನಾವು ಎಂದೂ ದಾಟದ, ಮುಂದಿನ ತಿರುವಿನಾಚೆ ನೀರು ಧುಮುಕುವ ದಬದಬೆಯನ್ನು ದಾಟಿಸಪ್ಪಾ ಎಂದು ಬೇಡಿಕೊಂಡೆ. ಬಾಗಿಲು ಟಕ್ಕೆಂದು ಮುಚ್ಚಿಕೊಂಡಿತು.

ರಜೆ ಮುಗಿದು ಖಾಜಾ ಬಂದ. ಫ್ಲಾಪಿಯನ್ನು ತೂರಿಸಿದವನು ಅವನೇ. ಮಿಷನ್ ಕರ್ ಕರ್ ಎಂದು ಹಲ್ಲು ಕಡಿಯಿತು. ತೆಗೆದು ಇನ್ನೊಂದು ಮಿಷನ್ನಿಗೆ ಹಾಕಿದ, ಅದೂ ಕಡಿಯಿತು. ಸರ್ ಓಡಿಬಂದು ತಮ್ಮ ಫ್ಲಾಪಿಗಳನ್ನು ಒಂದೊಂದಾಗಿ ತೂರಿಸಿ ನೋಡಿದರು. ಕ್ಲಾಸಿನವರ ಪಾಠಗಳು, ಪರೀಕ್ಷೆಯ ಪಟ್ಟಿ, ಅವರ ತಂಗಿಯ ಮದುವೆಯ ಕರೆಯೋಲೆ ಎಲ್ಲವೂ ಅವುಗಳಲ್ಲಿದ್ದವು. ಒಂದೂ ಬದುಕಲಿಲ್ಲ.

"ವೈರಸ್!" ಎಂದರು ಸರ್. ಅವರು ಇಷ್ಟು ದಿನ ಕಾಲು ತೊಳೆಸಿ, ಸೀನು ತಡೆಸಿ ಕಾದಿದ್ದು ಕೊನೆಗೂ ಬಂದಿತ್ತು. "ಹೈದರಾಬಾದಿನಿಂದ ತಂದಿ. ಊರಿಗೇ ಮೊದಲನೇ ವೈರಸ್ ನೀ ತಂದಿ."

ಖಾಜಾನ ಅಬ್ಬಾ ಬಂದರು. ಎಲ್ಲರೆದುರು ಮಗನ ಕೆನ್ನೆಗೆ ಎರಡು ಕೊಟ್ಟು, ಸರ್‌ಗೆ ಕೈ ಮುಗಿದರು. "ತಪ್ಪಾತ್ರಿ ಸರ್. ಇನ್ನ ಇಂವ ನಿಮ್ಮ ಮಿಷನ್ ಮುಟ್ಟಂಗಿಲ್ಲ." ನಾನು ಬಾಗಿಲ ಹಿಂದಿದ್ದೆ. ನನ್ನ ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಆ ಕೈಯನ್ನು ಚಡ್ಡಿಯ ಕಿಸೆಗೆ ಸೇರಿಸಿದೆ. ಸರ್ ಓದಿದವರು, ವೈರಸ್ ಎಂದರೆ ವೈರಸ್ಸೇ ಇರಬೇಕು ಎಂದುಕೊಂಡೆ. ಆಮೇಲೆ ಮೂವತ್ತು ವರ್ಷ ಅದನ್ನೇ ಅಂದುಕೊಂಡೆ.

ಆ ಫ್ಲಾಪಿಯನ್ನು ಊರಾಚೆ ಕಾಲುವೆಗೆ ಎಸೆದು ಬರುವ ಕೆಲಸ ಸರ್ ನನಗೇ ಒಪ್ಪಿಸಿದರು. ದಂಡೆಯ ಮೇಲೆ ಬಹಳ ಹೊತ್ತು ನಿಂತೆ. ಎಸೆದರೆ ವೈರಸ್ ನೀರಿಗೆ ಸೇರಿ, ನೀರು ಗದ್ದೆಗೆ ಹೋಗಿ, ಗದ್ದೆಯ ಭತ್ತ ಊರಿನ ಹೊಟ್ಟೆಗೆ ಹೋದರೆ? ನಗಬೇಡಿ, ನನಗೆ ನಿಜವಾಗಿ ಭಯವಾಗಿತ್ತು. ಮನೆಗೆ ತಂದು ಅಪ್ಪನ ಧೋತರದ ತುಂಡಿನಲ್ಲಿ ಕಟ್ಟಿ ಬಚ್ಚಿಟ್ಟೆ. ಮರುವರ್ಷ ಅಪ್ಪನಿಗೆ ವರ್ಗವಾಯಿತು. ಫ್ಲಾಪಿ ನಮ್ಮ ಜೊತೆ ಊರೂರು ತಿರುಗಿತು. ಖಾಜಾ ಮಾನ್ವಿಯಲ್ಲಿ ಉಳಿದ.

ಈಗ ನನಗೆ ಹಠ ಹತ್ತಿತು. ಈ ಫ್ಲಾಪಿಯೊಳಗೆ ಏನಿದೆಯೆಂದು ತಿಳಿಯಲೇಬೇಕು. ಮನೆಯ ಲ್ಯಾಪ್‌ಟಾಪನ್ನು ಸುತ್ತಲೂ ತಿರುಗಿಸಿ ನೋಡಿದೆ. ಇದನ್ನು ತೂರಿಸುವ ಬಾಯಿಯೇ ಅದಕ್ಕಿರಲಿಲ್ಲ. ದೇವದುರ್ಗದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಒಬ್ಬರ ಬಳಿ ಹಳೆಯ ಮಿಷನ್ ಇದೆಯೆಂದು ತಿಳಿದು, ಒಂದು ರವಿವಾರ ಬಸ್ ಹತ್ತಿದೆ.

ಅಚ್ಚಿನವರು ಫ್ಲಾಪಿಯನ್ನು ಮಿಷನ್ನಿಗೆ ಹಾಕುವ ಮೊದಲು ಬಾಗಿಲು ಸರಿಸಿ ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು.

"ಏನ್ರೀ ಇದು? ಇದಕ್ಕ ಮದುವಿ ಮಾಡೀರೇನು?"

"ಪೂಜಿ... ಸಣ್ಣವಿದ್ದಾಗ."

"ಒಳಗ ಹಚ್ಯಾರಲ್ರೀ! ಹೊರಗ ಹಚ್ಚಿದ್ರ ಒಂದು ಮಾತು. ಇದನ್ನ ಮಿಷನ್ನಿಗೆ ಹಾಕಿದ್ರ ಓದೋ ತಲಿಗೆ ಕುಂಕುಮ ಮೆತ್ತತದ. ಆಮ್ಯಾಲ ಅದರಾಗ ಯಾವ ಫ್ಲಾಪಿ ಹಾಕಿದ್ರೂ ಕೆರೆದು ಕೆರೆದು ಹಾಳು ಮಾಡತದ. ಹಾಕಿದ್ರೇನು ಯಾರರ?"

"ಹಾಕಿದ್ರು."

"ಮತ್ತ?"

"ಎಲ್ಲಾ ಹೋದವು."

"ಹೋಗದಽ ಏನ್ರಿ" ಎಂದು ಅವರು ಫ್ಲಾಪಿಯನ್ನು ನನ್ನ ಕೈಗಿಟ್ಟರು, ಸತ್ತ ಗುಬ್ಬಿಯನ್ನು ಕೊಟ್ಟಹಾಗೆ. ಮೂವತ್ತು ವರ್ಷ ನಾನು ಜೋಪಾನ ಮಾಡಿದ್ದ ಅನುಮಾನದ ಲಾಭ ದೇವದುರ್ಗದಲ್ಲಿ ಒಂದು ನಿಮಿಷದಲ್ಲಿ ಮುಗಿದಿತ್ತು. ಮರಳುವಾಗ ಡ್ರೈವರನ ಕಣ್ಣು ನೋಡಲಿಲ್ಲ. ಅವನು ನಿದ್ದೆ ಹೋದರೂ ಹೋಗಲಿ ಅನ್ನಿಸಿತ್ತು.

ಖಾಜಾನಿಗೆ ಹೇಳಬೇಕು. ಹೇಗೆ? ಸುಮ್ಮನೆ ಎದುರಿಗೆ ಕೂತು ಹೇಳುವ ಗಂಡಸ್ತನ ನನ್ನಲ್ಲಿಲ್ಲ. ಆದರೆ ಆ ಆಟವೊಂದು ನಮ್ಮಿಬ್ಬರ ಮುಂದಿದ್ದರೆ? ಇಬ್ಬರ ಕಣ್ಣೂ ಪರದೆಯ ಮೇಲಿರುತ್ತದೆ, ಮುಖ ಮುಖ ನೋಡುವ ಪ್ರಮೇಯವಿಲ್ಲ. ಅವನು ಬಲ ಹುಟ್ಟು ಹಾಕುತ್ತಿರುವಾಗ ಎಡಗಡೆಯಿಂದ ಮೆಲ್ಲಗೆ ಹೇಳಿಬಿಡಬಹುದು.

ಆಟದ ಹೆಸರೇ ಗೊತ್ತಿಲ್ಲದೆ, ಆಗ ಒತ್ತುತ್ತಿದ್ದ ಐದು ಅಕ್ಷರಗಳೂ ನೆನಪಿಲ್ಲದೆ ಇಂಟರ್‌ನೆಟ್ಟಿನಲ್ಲಿ ಹುಡುಕುವುದೆಂದರೆ, ಜಾತ್ರೆಯಲ್ಲಿ ಕಳೆದ ಕೂಸನ್ನು 'ಅಳುವ ಕೂಸು' ಎಂದು ಹುಡುಕಿದ ಹಾಗೆ. ದೋಣಿ, ಹೊಳೆ, ಇಬ್ಬರು ಎಂದು ಬರೆದರೆ ಪ್ರವಾಸದ ಜಾಹೀರಾತು, ಮೀನಿನ ಬಲೆ, ನವದಂಪತಿಗಳ ಫೋಟೊ ಬಂದವು. ಎರಡು ರವಿವಾರ ಹೀಗೇ ಕಳೆದ ಮೇಲೆ, ಯಾವುದೋ ದೂರದೇಶದವನೊಬ್ಬ ನನ್ನದೇ ಪ್ರಶ್ನೆ ಕೇಳಿ ಗೋಗರೆದದ್ದು ಕಂಡಿತು. ಅದರ ಕೆಳಗೆ ಯಾರೋ ಬರೆದಿದ್ದ ಉತ್ತರ, ನಾವು ಒತ್ತುತ್ತಿದ್ದ ಅದೇ ಐದು ಅಕ್ಷರ. ಇಳಿಸಿಕೊಂಡೆ. ಲ್ಯಾಪ್‌ಟಾಪಿನ ಕಾವಲು ಪ್ರೋಗ್ರಾಮ್ ಅದನ್ನು ಮೂಸಿ ನೋಡಿ, ಇದರಲ್ಲಿ ವೈರಸ್ ಇಲ್ಲ ಎಂದಿತು. ಖಾಜಾನ ಆಟಕ್ಕೆ ರೋಗವಿಲ್ಲವೆಂಬ ಸರ್ಟಿಫಿಕೇಟು ಕೊನೆಗೂ ಸಿಕ್ಕಿತು. ತೋರಿಸಬೇಕಾದ ಸರ್ ಎಲ್ಲಿದ್ದಾರೋ.

ಆದರೆ ಆಟ ತೆರೆಯಲಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಇದು ನಡೆಯದು ಎಂದು ಪರದೆ ಮುಖಕ್ಕೆ ಹೊಡೆದಂತೆ ಹೇಳಿತು. ಓದಿ, ಕೇಳಿ ತಿಳಿದುಕೊಂಡೆ: ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಕೊಂಡು ಕೂರುವ ಪ್ರೋಗ್ರಾಮೊಂದಿದೆಯಂತೆ. ಅದನ್ನು ತಂದು ವೇಷ ಹಾಕಿಸಿದೆ. ನೀಲಿ ಹೊಳೆ ಬಂತು! ಕೀಲಿ ಒತ್ತಿದೆ. ದೋಣಿ ಕಾಣುವ ಮೊದಲೇ ಕಲ್ಲಿಗೆ ಬಡಿದು ಪುಡಿಯಾಗಿತ್ತು. ಮತ್ತೆ ಒತ್ತಿದೆ, ಮತ್ತೆ ಪುಡಿ. ಹಳೆಯ ಆಟಗಳು ಮಿಷನ್ನಿನ ಎದೆಬಡಿತಕ್ಕೆ ತಾಳ ಹಾಕುತ್ತವೆ. ಹೊಸ ಮಿಷನ್ನಿನ ಎದೆ ನನ್ನ ಎದೆಯಂತೆಯೇ ಸದಾ ಓಡುತ್ತಿರುತ್ತದೆ. ವೇಗ ತಗ್ಗಿಸಿದೆ. ಈಗ ದೋಣಿ ಬೇಸಿಗೆಯ ತುಂಗಭದ್ರೆಯಲ್ಲಿ ಉಸುಕಿಗೆ ಸಿಕ್ಕಂತೆ ನಿಂತುಬಿಟ್ಟಿತು. ಏರಿಸಿದೆ, ಪುಡಿ. ಇಳಿಸಿದೆ, ಉಸುಕು.

"ಇಷ್ಟು ಶ್ರದ್ಧಾ ಗ್ಯಾಸಿನ ಪುಸ್ತಕದ ಮ್ಯಾಗ ಇಟ್ಟಿದ್ರ ಸಿಕ್ಕು ಎರಡು ಸಿಲಿಂಡರ್ ಬರ್ತಿದ್ವು" ಎಂದಳು ಹೆಂಡತಿ. ಆಮೇಲೆ ನನ್ನ ಮುಖ ನೋಡಿ ಪಕ್ಕಕ್ಕೆ ಬಂದು ಕೂತಳು. ಅವಳಿಗೆ ಎಲ್ಲವನ್ನೂ ಹೇಳಿದ್ದು ಆವತ್ತೇ. ಕೇಳಿ, "ಆಟ ಯಾಕ ಬೇಕ್ರೀ? ಹೋಗಿ ಹೇಳಿ ಬರ್ರಿ" ಎಂದಳು. ವಿಜ್ಞಾನದವರಿಗೆ ಎಲ್ಲವೂ ಸುಲಭ.

ವೇಗ ಹದಕ್ಕೆ ಬಂದ ಮಾರನೆಯ ರವಿವಾರ ಮಾನ್ವಿಗೆ ಹೋದೆ. ಚೀಲದಲ್ಲಿ ಲ್ಯಾಪ್‌ಟಾಪು, ಕಿಸೆಯಲ್ಲಿ ಫ್ಲಾಪಿ. ಬಜಾರಿನಲ್ಲಿ ಅದೇ ಅಂಗಡಿ. ಹಗ್ಗದ ಸುರುಳಿಗಳ ನಡುವೆ ಬಿಳಿ ಗಡ್ಡದ ಒಬ್ಬ ನೀಲಿ ತಾಡಪತ್ರಿ ಮಡಚುತ್ತಿದ್ದ. ತಲೆಯೆತ್ತಿ ನೋಡಿದ.

"ಯಾರ್ರೀ... ಲೇ! ಶರಣ್ಯಾ ಅಲ್ಲೇನಲೇ? ಕೂದ್ಲ ಎಲ್ಲಿ ಬಿಟ್ಟು ಬಂದಿ?"

"ನಿನ್ನ ಗಡ್ಡಕ್ಕ ಕಳಿಸಿದ್ದೆ, ಮುಟ್ಟಿಲ್ಲೇನು?"

"ಮುಟ್ಟ್ಯಾವ. ದಾರ್‍ಯಾಗ ಬೆಳ್ಳಗಾಗ್ಯಾವ." ದೊಡ್ಡದಾಗಿ ನಕ್ಕು, ಎರಡು ಚಹಾ ಕಳಿಸೆಂದು ಒಳಮನೆಯ ಹೆಂಡತಿಗೆ ಕೂಗಿದ, "ಸುನೇ ಕ್ಯಾ, ದೋ ಚಾ ಭೇಜೋ!"

ದುಡ್ಡಿನ ಗಲ್ಲೆಯ ಪಕ್ಕದಲ್ಲಿ ಬಟ್ಟೆ ಹೊದ್ದ ಒಂದು ಯಂತ್ರವಿತ್ತು. ಬಿಲ್ಲಿನ ಮಿಷನ್, ಮಗಳು ತಂದಿಟ್ಟದ್ದಂತೆ.

"ಉಪಯೋಗ ಮಾಡಂಗಿಲ್ಲೇನು?"

"ನಾನು? ನಿನಗ ಗೊತ್ತಿಲ್ಲೇನಲೇ ನನ್ನ ಕೈಗುಣ? ಮಾನ್ವಿಗೆ ಮೊದಲನೇ ವೈರಸ್ ತಂದಾವ ನಾನು!" ಎಂದು ಮತ್ತೆ ನಕ್ಕ. ಎಷ್ಟೋ ಸಲ ಹೇಳಿ ನುಣುಪಾದ ಮಾತು ಅದು. "ಫೋನೂ ನೋಡು, ಗುಂಡಿ ಒತ್ತೋ ಹಳೇದಽ. ಮಗಳ ಕಾಲೇಜಿನ ಫಾರಂ ತುಂಬೋ ದಿನ ಏನಾತು ಗೊತ್ತೇನು? ನೆಟ್ ಸೆಂಟರ್‌ನಾಗ ಅಕಿ, ಅಬ್ಬಾ ಇಲ್ಲಿ ನೀವಽ ಒತ್ರಿ, ನಿಮ್ಮ ಕೈಲೇ ಆಗ್ಲಿ ಅಂದ್ಲು. ನಾ ಹೊರಗ ಹೋಗಿ ಬೀದ್ಯಾಗ ನಿಂತುಬಿಟ್ಟೆ. ನನ್ನ ಕೈ ಹತ್ತಿ ಅಕಿ ಫಾರಂ ಕೆಟ್ರ? ಅಕಿ ಎರಡು ದಿನ ಮಾತಾಡ್ಲಿಲ್ಲ ನನ್ನ ಸಂಗಾಟ." ಇದನ್ನೂ ನಗುತ್ತಲೇ ಹೇಳಿದ.

ಲ್ಯಾಪ್‌ಟಾಪು ತೆರೆದು ಆಟ ಹಚ್ಚಿದೆ. ಅವನು ಬಾಗಿದ. ಬಾಗಿದವನು ಹಾಗೇ ನಿಂತ.

"ಲೇ... ಅದಽ ಹೊಳಿ! ಅದಽ ಕಲ್ಲಲೇ!"

"ಬಾ, ಕುಂದ್ರು. ಬಲಗಡಿ ಹುಟ್ಟು ನಿಂದು."

ಅವನ ಎರಡೂ ಕೈಗಳು ಮೆಲ್ಲಗೆ ಕಂಕುಳೊಳಗೆ ಹೋದವು.

"ನೀ ಆಡು. ನಾ ನೋಡ್ತೀನಿ."

"ಇದು ಒಬ್ಬನ ಕೈಲೆ ಆಗಂಗಿಲ್ಲ ಖಾಜಾ."

"ಗೊತ್ತದ. ಆದ್ರ ಹೊಸಾ ಮಿಷನ್ ಅದ ನಿಂದು. ಬ್ಯಾಡಪ."

ನಾನು ಯೋಜಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಅವನು ಪರದೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಕಿಸೆಯಿಂದ ಫ್ಲಾಪಿ ತೆಗೆದು, ಬಾಗಿಲು ಸರಿಸಿ ಅವನೆದುರು ಹಿಡಿದೆ.

"ಅವತ್ತು ವೈರಸ್ ಇದ್ದಿದ್ದಿಲ್ಲ. ಇದು ಕುಂಕುಮ. ಖಂಡೆ ಪೂಜಿ ದಿನ ನಾ ಹಚ್ಚಿದ್ದು. ಇದರಿಂದಽ ಎಲ್ಲಾ ಕೆಟ್ಟಿದ್ದು."

ಅವನು ಫ್ಲಾಪಿಯನ್ನು ಮುಟ್ಟಲಿಲ್ಲ. ಕತ್ತು ಮುಂದೆ ಮಾಡಿ ನೋಡಿದ.

"ನನ್ನ ಫ್ಲಾಪಿಗೆ ಯಾಕ ಹಚ್ಚಿದಿ?"

"ಪೂಜಿ ಮಾಡಾಕ ನನ್ನ ಹಂತೇಕ ಬ್ಯಾರೆ ಏನಿತ್ತು?"

"ಅಬ್ಬಾ ಹೊಡದಾಗ ಅಲ್ಲೇ ಇದ್ದಿ ನೀನು."

"ಇದ್ದೆ."

ಆಗ ಗಿರಾಕಿಯೊಬ್ಬ ಬಂದು ಎತ್ತಿಗೆ ಹಗ್ಗ ಕೇಳಿದ. ಖಾಜಾ ಎದ್ದು ಹೋಗಿ, ಕೈ ಅಗಲಿಸಿ ಮಾರು ಹಾಕಿ ಅಳೆದ. ಕೊಯ್ಯುವ ಮೊದಲು ನಿಂತು, ಬಿಚ್ಚಿ, ಮತ್ತೆ ಮೊದಲಿನಿಂದ ಅಳೆದ. ಗಿರಾಕಿ ಹೋದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಎರಡಕ್ಕೂ ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ. ಅವನು ಬಂದು ಕೂತ.

"ಅಬ್ಬಾ ಹೋಗಿ ಆರು ವರ್ಷಾತು. ಕಡೀತನಕ ಬಂದವರ ಮುಂದ ಹೇಳ್ತಿದ್ರು, ನಮ್ಮ ಖಾಜಾನ ಕೈ ಹಗ್ಗಕ್ಕ ಒಗ್ಗತದ, ಮಿಷನ್ನಿಗೆ ಒಗ್ಗಂಗಿಲ್ಲ ಅಂತ." ಆಮೇಲೆ, "ಇರಲಿ ಬಿಡು" ಎಂದ.

ಇರಲಿ ಬಿಡು ಎಂಬುದಕ್ಕೆ ನಾನು ತಯಾರಾಗಿರಲಿಲ್ಲ.

"ಈಗರ ಗೊತ್ತಾತಲ್ಲ, ನಿನ್ನ ಕೈದೇನೂ ತಪ್ಪಿಲ್ಲ. ಇಡು ಕೈ."

"ನನಗ ಗೊತ್ತಾತು" ಎಂದ. "ಕೈಗೆ ಗೊತ್ತಾಗಬೇಕಲ್ಲ."

ಆದರೂ ಬಲಗೈ ಹೊರತೆಗೆದ. ಹಗ್ಗ ಎಳೆದು ದಡ್ಡುಗಟ್ಟಿದ ಬೆರಳು ಕೀಲಿಯ ಮೇಲೆ, ಒಂದು ಜೋಳದ ಕಾಳಿನಷ್ಟು ಎತ್ತರದಲ್ಲಿ ನಿಂತಿತು. ಆಮೇಲೆ ಬಿಸಿ ತಾಗಿದಂತೆ ಹಿಂದೆ ಹೋಯಿತು.

"ಎರಡೂ ನೀನಽ ಹಾಕಲೇ. ನಾ ಹೇಳ್ತೀನಿ."

ಎಡಗೈಯಿಂದ ನನ್ನ ಹುಟ್ಟು, ಬಲಗೈಯಿಂದ ಅವನದು. ನನ್ನವೇ ಎರಡು ಕೈಗಳು ಒಂದಕ್ಕೊಂದು ಹೊಂದಲಿಲ್ಲ. ದೋಣಿ ಗಿರಗಿರ ತಿರುಗಿತು. "ಎಡಕ್ಕ! ಎಡಕ್ಕಲೇ ಶರಣ್ಯಾ! ಕಲ್ಲು, ಕಲ್ಲು!" ಎಂದು ಅವನು ಪಕ್ಕದಲ್ಲಿ ಕೂಗುತ್ತಿದ್ದ. ಒಡೆಯಿತು. "ಮತ್ತ ಹಚ್ಚು" ಎಂದ. ಮತ್ತೆ ಒಡೆಯಿತು. ಒಳಗಿನಿಂದ ಬಂದ ಚಹಾ ಕೆನೆಗಟ್ಟಿತು. ಮೊದಲನೆಯ ತಿರುವನ್ನು ಕೂಡ ನಾವು ದಾಟಲಿಲ್ಲ. ಪ್ರತಿ ಸಲ ಬಡಿಯುವಾಗಲೂ ಅವನ ಬಲಭುಜ, ಹುಟ್ಟು ಹಾಕುವವನ ಹಾಗೆ, ಮುಂದಕ್ಕೆ ಜಗ್ಗುತ್ತಿತ್ತು. ಕೈ ಮಾತ್ರ ಕಂಕುಳು ಬಿಟ್ಟು ಬರಲಿಲ್ಲ.